ಗಿಂಡಿಯ ಮೇಲಿನ ಚುಕ್ಕೆ ಅಕ್ಷರ

ನನ್ನ ಸಂಗ್ರಹ ಶುರುವಾಗಿದ್ದು ಒಂದು ತಪ್ಪಿನಿಂದ. 1994ರ ಬೇಸಿಗೆ ರಜೆಯಲ್ಲಿ ಸಾಗರದ ಹತ್ತಿರದ ತವರುಮನೆಗೆ ಹೋಗಿದ್ದೆ. ಅಟ್ಟ ಗುಡಿಸುವಾಗ ಒಂದು ಹಿತ್ತಾಳೆ ಗಿಂಡಿ ಸಿಕ್ಕಿತು. ಮೈಯೆಲ್ಲ ಕಪ್ಪು, ಮೂತಿಯ ಬುಡದಲ್ಲಿ ಹಸಿರು ಕಿಲುಬು. "ಬೇಕಾದ್ರೆ ತಗೊಂಡು ಹೋಗು, ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ" ಎಂದರು ಅಮ್ಮ. ಪೇಟೆಯ ಒಂದು ಪಾಲಿಶ್ ಅಂಗಡಿಗೆ ಕೊಟ್ಟೆ. ಮಾರನೇ ದಿನ ಬಂಗಾರದ ಹಾಗೆ ಹೊಳೆಯುತ್ತಿತ್ತು. ಖುಷಿಯಿಂದ ತಂದು ಅಮ್ಮನ ಕೈಗಿಟ್ಟೆ. ಅವರು ಗಿಂಡಿಯ ಕಂಠವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಲ್ಲಿ ಹೆಸರಿತ್ತಲ್ಲೇ, ಎಲ್ಲಿ ಹೋಯ್ತು?"

ಪಾತ್ರೆಗೆ ಹೆಸರು ಹಾಕಿಸುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಂಗಡಿಯವನು ಸಣ್ಣ ಚಾಣ ಹಿಡಿದು, ಸುತ್ತಿಗೆಯಿಂದ ಟಕಟಕ ಹೊಡೆಯುತ್ತಾ, ಚುಕ್ಕೆಗೆ ಚುಕ್ಕೆ ಸೇರಿಸಿ ಅಕ್ಷರ ಮಾಡುತ್ತಾನೆ. ಆ ಗಿಂಡಿಯ ಮೇಲೆ ಅಮ್ಮನ ಅಜ್ಜಿಯ ಹೆಸರಿತ್ತಂತೆ. ಮದುವೆಯಲ್ಲಿ ತವರಿನವರು ಕೊಟ್ಟಿದ್ದು. ಮೂರು ತಲೆಮಾರು ಬಳಸಿದರೂ ಉಳಿದಿದ್ದ ಹೆಸರನ್ನು ಬಫಿಂಗ್ ಚಕ್ರ ಒಂದೇ ದಿನದಲ್ಲಿ ಉಜ್ಜಿ ಹಾಕಿತ್ತು. ಈಗ ಅಲ್ಲಿರುವುದು ಮೂರು ಚುಕ್ಕೆ ಮಾತ್ರ. ಅಂಗಡಿಯವರನ್ನು ದೂರಲು ಏನೂ ಇಲ್ಲ. ಹೊಳೆಯಬೇಕು ಎಂದು ಕೇಳಿದವಳು ನಾನೇ.

ಅವತ್ತಿನಿಂದ ಹಳೆಯ ಹಿತ್ತಾಳೆಗೆ ಯಂತ್ರದ ಪಾಲಿಶ್ ಮಾಡಿಸಿಲ್ಲ. ಹುಣಸೆಹಣ್ಣನ್ನೂ ಹಚ್ಚುವುದಿಲ್ಲ. ದಿನಾ ಬಳಸುವ ಪಾತ್ರೆಗೆ ಹುಣಸೆ ಸರಿ, ಸಂಗ್ರಹದ ವಸ್ತುವಿಗೆ ಬೇಡ. ಹುಳಿ ಜಾಸ್ತಿ ಹೊತ್ತು ಕೂತರೆ ಹಿತ್ತಾಳೆಯಲ್ಲಿನ ಸತು ಕರಗುತ್ತದೆ, ತಾಮ್ರ ಮೇಲೆ ಬಂದು ಅಲ್ಲಲ್ಲಿ ಗುಲಾಬಿ ಬಣ್ಣದ ಕಲೆ ಬೀಳುತ್ತದೆ. ಕಂದು ಬಣ್ಣದ ತೆಳು ಪದರ ಕೊಳೆಯಲ್ಲ. ಅದು ಲೋಹವೇ ಗಾಳಿಗೆ ಮಾಗಿ ಆದದ್ದು, ಒಳಗಿನ ಲೋಹವನ್ನು ಕಾಯುತ್ತದೆ. ಮೆತ್ತನೆ ಬ್ರಶ್ಶಿನಿಂದ ಧೂಳು ತೆಗೆದು, ಒಣ ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು. ಪುಡಿಪುಡಿಯಾಗಿ ಉದುರುವ ತಿಳಿ ಹಸಿರು ಕಂಡರೆ ಮಾತ್ರ ಎಚ್ಚರ. ಆ ವಸ್ತುವನ್ನು ಬೇರೆಯವುಗಳಿಂದ ದೂರ ಇಟ್ಟು, ತೇವ ತಾಗದಂತೆ ನೋಡಿಕೊಳ್ಳಬೇಕು.

ರಜೆ ಮುಗಿಯುವ ಮುಂಚೆ ಇನ್ನೂರು ಪುಟದ ಒಂದು ಲಾಂಗ್ ಬುಕ್ ತಂದೆ. ಮೊದಲ ಪುಟದಲ್ಲಿ ಅಮ್ಮ ಹೇಳಿದ ಹಾಗೆ ಅವರ ಅಜ್ಜಿಯ ಹೆಸರು, ಊರು, ಗಿಂಡಿಯನ್ನು ಎಲ್ಲಿಡುತ್ತಿದ್ದರು, ಯಾರಿಗೆ ಕೈಕಾಲು ತೊಳೆಯಲು ನೀರು ಕೊಡುತ್ತಿದ್ದರು ಎಲ್ಲ ಬರೆದೆ. ಈಗ ಅಂಥ ಪುಸ್ತಕ ಆರಾಗಿವೆ. ನನ್ನ ಹತ್ತಿರ ಇರುವ ಸುಮಾರು ಮುನ್ನೂರು ವಸ್ತುಗಳಲ್ಲಿ ಏನಾದರೂ ಉಳಿಸಿಕೋ ಎಂದರೆ ಮೊದಲು ಈ ಪುಸ್ತಕಗಳನ್ನೇ ಎತ್ತಿಕೊಳ್ಳುತ್ತೇನೆ. ಪ್ರತಿ ವಸ್ತುವಿಗೂ ಒಂದು ನಂಬರು. ಅದನ್ನು ವಸ್ತುವಿನ ಮೇಲೆ ಬರೆಯುವುದಿಲ್ಲ, ಸ್ಟಿಕ್ಕರೂ ಅಂಟಿಸುವುದಿಲ್ಲ. ಅಂಟು ಹಿತ್ತಾಳೆಯ ಮೇಲೆ ಕಲೆ ಮಾಡುತ್ತದೆ. ಸಣ್ಣ ರಟ್ಟಿನ ಚೂರಿಗೆ ನಂಬರು ಬರೆದು ಹತ್ತಿದಾರದಲ್ಲಿ ಕಟ್ಟುತ್ತೇನೆ. ಪುಸ್ತಕದಲ್ಲಿ ಉದ್ದ, ತೂಕ, ಕೊಟ್ಟವರು, ಕೊಟ್ಟ ಬೆಲೆ, ಮತ್ತೆ ಆ ಮನೆಯಲ್ಲಿ ಅದಕ್ಕೆ ಏನಂತ ಕರೆಯುತ್ತಿದ್ದರು ಎಂಬುದು. ಈ ಕೊನೆಯದು ಮುಖ್ಯ. ಒಂದೇ ಮರಿಗೆಗೆ ಹತ್ತು ಮೈಲಿಯಾಚೆ ಬೇರೆ ಹೆಸರು.

ಅಡಕೆ ಸೀಮೆಯವಳಾದ್ದರಿಂದ ನನಗೆ ಅಡಕತ್ತರಿ ಮೇಲೆ ಪ್ರೀತಿ ಜಾಸ್ತಿ. ಗಿಳಿ, ನವಿಲು, ಕುದುರೆ, ಎದುರುಬದುರು ನಿಂತ ಗಂಡುಹೆಣ್ಣು, ಎಷ್ಟು ರೂಪ! ಅಂಗೈಯಷ್ಟು ಜಾಗದಲ್ಲಿ ಕಮ್ಮಾರನ ಕೆಲಸ, ಎರಕದವನ ಕೆಲಸ ಎರಡೂ ಇರುತ್ತವೆ. ಹಿಡಿ ಹಿತ್ತಾಳೆ, ಅಲಗು ಕಬ್ಬಿಣ ಅಥವಾ ಉಕ್ಕು. ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದಲ್ಲಿ ಅಡಕತ್ತರಿಗಳನ್ನೂ ದೀಪಗಳನ್ನೂ ನೋಡುತ್ತಾ ಒಂದಿಡೀ ದಿನ ಕಳೆದಿದ್ದೇನೆ. ಕೊಳ್ಳುವ ಮುಂಚೆ ಹೀಗೆ ಸುಮ್ನೆ ನೋಡಬೇಕು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್, ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರ ಜಾನಪದ ಲೋಕ, ಮೈಸೂರಿನ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ, ಇವೆಲ್ಲ ನನಗೆ ಶಾಲೆಗಳೇ. ನೋಡಿ ನೋಡಿಯೇ ಕಣ್ಣು ಪಳಗುವುದು.

ಅಡಕತ್ತರಿ ನಿಜವಾಗಿ ಹಳೆಯದೋ, ಷೋಕೇಸಿಗೆಂದು ಮಾಡಿದ ಹೊಸದೋ? ನನ್ನ ಪರೀಕ್ಷೆ ಸುಲಭ. ಚೀಲದಲ್ಲಿ ಯಾವಾಗಲೂ ಎರಡು ಚಾಲಿ ಅಡಕೆ, ಅಂದರೆ ಒಣಗಿಸಿ ಸುಲಿದ ಗಟ್ಟಿ ಅಡಕೆ, ಇರುತ್ತವೆ. ಅಂಗಡಿಯವರನ್ನು ಕೇಳಿ, ಒಪ್ಪಿದರೆ ಕತ್ತರಿಸಿ ನೋಡುತ್ತೇನೆ. ಕೆಲಸ ಮಾಡಿದ ಅಡಕತ್ತರಿ ಅಡಕೆಯನ್ನು ಜಾರಲು ಬಿಡದೆ ಹಿಡಿದು, ಕಟಕ್ ಎಂದು ಹೋಳು ಮಾಡುತ್ತದೆ. ಅಂದಕ್ಕೆ ಮಾಡಿದ್ದಾದರೆ ಅಲಗು ದಪ್ಪ, ಎರಡು ತೋಳೂ ಸರಿಯಾಗಿ ಕೂಡುವುದಿಲ್ಲ, ಅಡಕೆ ಎಗರಿ ಹೋಗುತ್ತದೆ. ಆಮೇಲೆ ಅಲಗಿನ ಅಂಚು ನೋಡಬೇಕು. ವರ್ಷಗಟ್ಟಲೆ ಮಸೆದ ಅಲಗು ನಡುವೆ ಸವೆದು ಸ್ವಲ್ಪ ಒಳಗೆ ಬಾಗಿರುತ್ತದೆ. ಕೀಲಿನ ಮೊಳೆ ಸುತ್ತಿಗೆಯಲ್ಲಿ ತಟ್ಟಿ ಕೂರಿಸಿದ್ದಾ, ಸ್ಕ್ರೂ ಹಾಕಿದ್ದಾ? ಕೊನೆಗೆ ಕಣ್ಣು ಮುಚ್ಚಿ ಕೈಯಲ್ಲಿ ಹಿಡಿಯಬೇಕು. ನಮ್ಮ ಬೆರಳು ಎಲ್ಲಿ ಕೂರುತ್ತದೋ ಅಲ್ಲಿ ಮಾತ್ರ ಚಿತ್ತಾರ ಸವೆದು ನುಣುಪಾಗಿದ್ದರೆ, ಬೇರೆ ಕಡೆ ಗೆರೆ ಚೂಪಾಗಿದ್ದರೆ, ಅದನ್ನು ಯಾರೋ ದಿನಾ ಬಳಸಿದ್ದಾರೆ. ಮೈಯೆಲ್ಲ ಒಂದೇ ಸಮ ಕಪ್ಪು, ಒಂದೇ ಸಮ ಸವೆತ ಇದ್ದರೆ ಅನುಮಾನ ಪಡಿ. ಔಷಧಿ ಹಚ್ಚಿ ಕಪ್ಪು ಮಾಡಬಹುದು. ಮಾಡುವವರು ಇದ್ದಾರೆ, ನಾನೂ ಒಮ್ಮೆ ಅಂಥದ್ದಕ್ಕೆ ದುಡ್ಡು ಕೊಟ್ಟಿದ್ದೇನೆ.

ಬೆಲೆಯ ಮಾತೂ ಬಂತು. ಹಿಂದೆ ಹಳೆ ಹಿತ್ತಾಳೆ ಕೊಟ್ಟು ಸ್ಟೀಲ್ ಪಾತ್ರೆ ತಗೊಂಡವರು ನಮ್ಮ ಮನೆಗಳಲ್ಲೇ ಎಷ್ಟು ಜನ ಇಲ್ಲ! ಈಗಲೂ ಒಂಟಿಯಾಗಿರುವ ವಯಸ್ಸಾದವರು ತೂಕದ ಲೆಕ್ಕದಲ್ಲಿ ಕೊಡಲು ತಯಾರಿರುತ್ತಾರೆ. ಅವರಿಗೆ ಗೊತ್ತಿಲ್ಲ ಎಂದು ಆ ಬೆಲೆಗೆ ಎತ್ತಿಕೊಂಡು ಬರುವುದು ನನ್ನಿಂದ ಆಗದು. ಇದಕ್ಕೆ ಪೇಟೆಯಲ್ಲಿ ಇಷ್ಟು ಸಿಗುತ್ತದೆ ಎಂದು ಮೊದಲೇ ಹೇಳುತ್ತೇನೆ. ಮಕ್ಕಳನ್ನು ಕೇಳಿ ಆಮೇಲೆ ಹೇಳಿ ಎನ್ನುತ್ತೇನೆ. ಹೀಗೆ ಕೈತಪ್ಪಿ ಹೋದ ವಸ್ತುಗಳು ಬಹಳ. ಬೇಸರವಿಲ್ಲ, ಅವು ಆ ಮನೆಯಲ್ಲೇ ಉಳಿದವು. ದೇವಸ್ಥಾನದ್ದು ಎಂದು ಸ್ವಲ್ಪ ಅನುಮಾನ ಬಂದರೂ ಮುಟ್ಟುವುದಿಲ್ಲ. ಕಾನೂನನ್ನೂ ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನು ನಾವು ನೀವು ದೇಶದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಅಕ್ಕನ ಮಗ ಒಂದು ತೂಗುದೀಪ ಕೇಳಿದಾಗ ಇದನ್ನೇ ಹೇಳಿದೆ. ಅವನಿಗೆ ಹೊಸ ದೀಪ ಕೊಡಿಸಿದೆ.

ಲೋಹ ಹೇಗೋ ಉಳಿಯುತ್ತದೆ. ಬುಟ್ಟಿಯ ಕಥೆ ಬೇರೆ.

ನಾನು ಪಾಠ ಮಾಡುತ್ತಿದ್ದ ಊರಿನಲ್ಲಿ ದೀವರು ಎಂಬ ಸಮುದಾಯದವರ ಮನೆಗಳು ಜಾಸ್ತಿ. ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ಹೆಂಗಸರು ಅವರು. ಭೂಮಿ ಹುಣ್ಣಿಮೆಗೆ ಅವರ ಮನೆಯಲ್ಲಿ ಭೂಮಣ್ಣಿ ಬುಟ್ಟಿ ಬರೆಯುತ್ತಾರೆ. ತುಂಬಿದ ಬಸುರಿಯಂತಿರುವ ಭತ್ತದ ಗದ್ದೆಗೆ ಬಯಕೆ ಊಟ ಹೊತ್ತೊಯ್ಯುವ ಬುಟ್ಟಿ ಅದು. ಒಬ್ಬ ಅಮ್ಮನ ಮನೆಯ ಜಗಲಿಯಲ್ಲಿ ತೂಗುಹಾಕಿದ್ದ ಬುಟ್ಟಿ ನೋಡಿ, ಕೊಡ್ತೀರಾ ಎಂದು ಕೇಳಿಬಿಟ್ಟೆ. ಅವರು ನಕ್ಕರು. "ಇದು ಕೊಡೋ ಬುಟ್ಟಿ ಅಲ್ಲ ಅಕ್ಕೋರೇ. ಬೇಕಾದ್ರೆ ಬರೋ ವರ್ಷ ಬನ್ನಿ, ನಿಮಗೇ ಅಂತ ಒಂದು ಬರೀತೀನಿ."

ಮಾರನೇ ವರ್ಷ ದಸರಾ ರಜೆಯಲ್ಲಿ ಐದು ದಿನ ಅವರ ಜಗಲಿಯಲ್ಲಿ ಕೂತೆ. ಮೊದಲು ಬಿದಿರಿನ ಬುಟ್ಟಿಗೆ ಸಗಣಿ ಬಳಿದು ಸಂದು ಮುಚ್ಚಿದರು. ಒಣಗಿದ ಮೇಲೆ ಕೆಮ್ಮಣ್ಣು. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು ಬಿಳಿ, ಅಕ್ಕಿಯನ್ನೇ ಕಪ್ಪಾಗುವಷ್ಟು ಹುರಿದು ಅರೆದು ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಪುಂಡಿನಾರನ್ನು ಎಳೆ ಎಳೆಯಾಗಿ ಬಿಡಿಸಿ ಕುಂಚ ಕಟ್ಟಿದರು. ಎಳೆ ಎಷ್ಟು ಬೇಕೋ ಅಷ್ಟೇ ಸಪೂರ. ಆಮೇಲೆ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಉಸಿರು ಹಿಡಿದು, ಒಂದೇ ಎಳೆತದಲ್ಲಿ ಗೆರೆ. ಅಳತೆಪಟ್ಟಿ ಇಲ್ಲ, ಮೊದಲು ಗುರುತು ಮಾಡಿಕೊಂಡದ್ದೂ ಇಲ್ಲ. ಗೆರೆಯ ಪಕ್ಕ ಗೆರೆ ಕೂದಲೆಳೆಯಷ್ಟು ಅಂತರದಲ್ಲಿ ಓಡುತ್ತಿತ್ತು. ತಪ್ಪಿದರೆ ಏನು ಮಾಡ್ತೀರಿ ಎಂದೆ. "ಮಾತಾಡಿಸಿದ್ರೆ ತಪ್ಪತ್ತೆ" ಎಂದರು. ಆಮೇಲೆ ನಾನು ಬಾಯಿ ಬಿಡಲಿಲ್ಲ.

ಆ ಐದು ದಿನದ ಕೂಲಿ, ಸಾಮಾನಿನ ಖರ್ಚು ಎಲ್ಲ ಸೇರಿಸಿ ದುಡ್ಡು ಕೊಟ್ಟೆ. ಹಳೆಯದನ್ನು ಕೊಳ್ಳುವುದಕ್ಕಿಂತ ಹೀಗೆ ಹೊಸದನ್ನು ಬರೆಸಿಕೊಳ್ಳುವುದು ಜನಪದ ಕಲೆಯ ವಿಷಯದಲ್ಲಿ ಹೆಚ್ಚು ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೈ ನಿಂತರೆ ಕಲೆ ನಿಲ್ಲುತ್ತದೆ, ಅಲ್ವಾ?

ಆದರೆ ಅದನ್ನು ಕಾಪಾಡುವುದು ಕಷ್ಟ. ಅಕ್ಕಿಹಿಟ್ಟೆಂದರೆ ಜಿರಲೆಗೆ ಹಬ್ಬ. ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಬೇರೆ. ಹಿಂದೆ ಒಲೆಯ ಹೊಗೆ ಅಟ್ಟಕ್ಕೆ ಏರಿ ಎಲ್ಲವನ್ನೂ ಕಾಯುತ್ತಿತ್ತು. ಗ್ಯಾಸ್ ಬಂದ ಮೇಲೆ ಅದಿಲ್ಲ. ಮೊದಲ ಬುಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟೆ. ಒಳಗೇ ಬೆವತು ಹಾಳಾಯಿತು. ಈಗ ಹಳೆಯ ಹತ್ತಿ ಪಂಚೆಯಲ್ಲಿ ಸಡಿಲವಾಗಿ ಸುತ್ತಿ, ಬಜೆ ಬೇರಿನ ಪೊಟ್ಟಣ ಇಟ್ಟು, ಗೋಡೆಗೆ ತಾಗದಂತೆ ಎತ್ತರದಲ್ಲಿ ತೂಗುಹಾಕುತ್ತೇನೆ. ಮಳೆ ನಿಂತ ಮೇಲೆ ನೆರಳಿನಲ್ಲಿ ಗಾಳಿಗಿಡುತ್ತೇನೆ. ನೇರ ಬಿಸಿಲಿಗೆ ಇಟ್ಟರೆ ಹಳದಿ ಮಾಸುತ್ತದೆ. ಚೆನ್ನೆಮಣೆಯಂಥ ಮರದ ವಸ್ತು ಹೊಸದಾಗಿ ಬಂದರೆ ಒಂದು ತಿಂಗಳು ಬೇರೆಯೇ ಕೋಣೆಯಲ್ಲಿ, ಕಪ್ಪು ಬಟ್ಟೆಯ ಮೇಲೆ. ಮರ ಕೊರೆಯುವ ಕುಟ್ಟೆ ಹುಳ ಇನ್ನೂ ಬದುಕಿದ್ದರೆ ಬಟ್ಟೆಯ ಮೇಲೆ ಬಿಳಿ ಪುಡಿ ಬೀಳುತ್ತದೆ. ಬೀಳದಿದ್ದರೆ ತೂತು ಬಹುಶಃ ಹಳೆಯದು.

ಕೊನೆಗೆ ಒಂದು ಸೇರಿನ, ಅಂದರೆ ಕಾಳುಕಡಿ ಅಳೆಯುವ ಪಾತ್ರೆಯ, ವಿಷಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದವು. ಮುಳುಗಡೆಯವರು ಎಂದರೆ ನಮ್ಮ ಕಡೆ ಇವತ್ತಿಗೂ ಎಲ್ಲರಿಗೂ ತಿಳಿಯುತ್ತದೆ. ಶಿವಮೊಗ್ಗದ ಕಡೆ ಬಂದು ನೆಲೆಸಿದ ಅಂಥ ಮನೆಯ ಅಜ್ಜ ಒಬ್ಬರು 2003ರಲ್ಲಿ ನನಗೆ ಒಂದು ಹಿತ್ತಾಳೆ ಸೇರು ಕೊಟ್ಟರು. ಲಾರಿಗೆ ಹಾಕಿಕೊಂಡು ಬಂದ ಸಾಮಾನಿನಲ್ಲಿ ಅದೂ ಇತ್ತಂತೆ. ಬಾಯಂಚಿನ ಕೆಳಗೆ ಚುಕ್ಕೆ ಅಕ್ಷರದಲ್ಲಿ ಅವರ ಅಪ್ಪನ ಹೆಸರು, ಪಕ್ಕದಲ್ಲಿ ಊರಿನ ಹೆಸರು. ಊರು ಈಗ ನೀರಿನಡಿ ಇದೆ.

ಹೋದ ವರ್ಷ ಆ ಅಜ್ಜನ ಮೊಮ್ಮಗ ಹುಡುಕಿಕೊಂಡು ಬಂದ. ಅಜ್ಜ ತೀರಿಕೊಂಡು ಬಹಳ ವರ್ಷವಾಗಿತ್ತು. ಸೇರು ನೋಡಬೇಕು ಎಂದ. ತಂದುಕೊಟ್ಟೆ. ವಾಪಸ್ ಒಯ್ಯುತ್ತೀಯಾ ಎಂದು ಕೇಳಿದೆ. "ಬೇಡ ಆಂಟೀ, ನಿಮ್ಮಲ್ಲೇ ಇರ್ಲಿ. ಅಕ್ಷರ ಮಾತ್ರ ಬೇಕು" ಎಂದ. ಅಕ್ಷರದ ಮೇಲೆ ತೆಳು ಕಾಗದ ಒತ್ತಿ ಹಿಡಿದು, ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಮೆಲ್ಲಗೆ ಉಜ್ಜುವುದನ್ನು ತೋರಿಸಿಕೊಟ್ಟೆ. ಬೂದು ಬಣ್ಣದ ನಡುವೆ ಬಿಳಿ ಚುಕ್ಕೆಗಳು ಒಂದೊಂದಾಗಿ ಎದ್ದುಬಂದವು. ಮುತ್ತಜ್ಜನ ಹೆಸರು ಓದಿಕೊಂಡ, ಆಮೇಲೆ ಊರಿನ ಹೆಸರು. ಕಾಗದವನ್ನು ಮಡಚದೆ, ಸುರುಳಿ ಸುತ್ತಿ ಒಯ್ದ.