ಒಂದು ಕೊನೆ ಹಣ್ಣಾಗಲು ಬಿಡಿ: ಮನೆ ಹಿತ್ತಲಲ್ಲೇ ಅಡಿಕೆ ಸಸಿ ಮಾಡುವುದು ಹೀಗೆ

ಮಲೆನಾಡಿನ ತೋಟದಲ್ಲಿ ಸಾವಿರ ಅಡಿಕೆ ಮರ ಇರುತ್ತವೆ. ಆದರೂ ಸತ್ತ ಮರದ ಜಾಗಕ್ಕೆ ಇಪ್ಪತ್ತು ಸಸಿ ಬೇಕು ಅಂದಾಗ ಗಾಡಿ ಹತ್ತಿ ಪೇಟೆಗೆ ಹೋಗುತ್ತೇವೆ. ಮನೆಯಲ್ಲಿ ಬೀಜವೇ ಇರುವುದಿಲ್ಲ. ಇದ್ದ ಕೊನೆಯನ್ನೆಲ್ಲ, ಅಂದರೆ ಅಡಿಕೆ ಗೊಂಚಲನ್ನೆಲ್ಲ, ಹಸಿರಿರುವಾಗಲೇ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಕಳಿಸಿಬಿಟ್ಟಿರುತ್ತೇವೆ. ಮೊಳೆಯುವುದು ಮಾತ್ರ ಹಣ್ಣಡಿಕೆ. ಕರಾವಳಿಯವರಿಗೆ ಈ ತೊಂದರೆ ಇಲ್ಲ. ಅವರು ಚಾಲಿ, ಅಂದರೆ ಹಣ್ಣಡಿಕೆ ಒಣಗಿಸಿ ಸುಲಿದ ಅಡಿಕೆ, ಮಾಡುವವರು, ಅಂಗಳದ ತುಂಬ ಹಣ್ಣಡಿಕೆ ಬಿದ್ದಿರುತ್ತದೆ.

ಕೆಲವು ವರ್ಷಗಳ ಹಿಂದೆ ನಾನೂ ಒಂದು ನರ್ಸರಿಯಿಂದ ಐವತ್ತು ಸಸಿ ತಂದಿದ್ದೆ. ಸೊಂಟದೆತ್ತರ ಇದ್ದವು, ನೋಡಲು ಚೆಂದ. ಏಳನೇ ವರ್ಷ ಸಿಂಗಾರ, ಅಂದರೆ ಹೂಗೊಂಚಲು, ಬಿಟ್ಟವು. ಅರ್ಧಕ್ಕರ್ಧ ಮರಗಳಲ್ಲಿ ಕಾಯಿ ಕಚ್ಚಲೇ ಇಲ್ಲ. ಮರುವರ್ಷವೂ ಅದೇ ಕಥೆ. ಬೀಜ ಯಾವ ಮರದ್ದು ಅಂತ ವಿಚಾರಿಸಿದರೆ ಹೇಳುವವರಿಲ್ಲ. ಬದನೆ ಬೀಜ ಕೈಕೊಟ್ಟರೆ ಮೂರು ತಿಂಗಳಲ್ಲಿ ಗೊತ್ತಾಗುತ್ತದೆ. ಅಡಿಕೆ ಕೈಕೊಟ್ಟಿದ್ದು ತಿಳಿಯುವಷ್ಟರಲ್ಲಿ ಆರೇಳು ವರ್ಷದ ನೀರು, ಗೊಬ್ಬರ, ಕೂಲಿ ಎಲ್ಲ ಸುರಿದಾಗಿರುತ್ತದೆ. ಆವತ್ತಿಂದ ವರ್ಷಕ್ಕೆ ನಲವತ್ತೈವತ್ತು ಸಸಿ ಹಿತ್ತಲಲ್ಲೇ ಮಾಡಿಕೊಳ್ಳುತ್ತಿದ್ದೇನೆ. ಕಷ್ಟದ ಕೆಲಸ ಅಲ್ಲ. ಬೇಕಾಗಿರುವುದು ಒಳ್ಳೆಯ ತಾಯಿ ಮರ ಮತ್ತು ಒಂದೂವರೆ ವರ್ಷದ ತಾಳ್ಮೆ.

ತಾಯಿ ಮರ ಯಾವುದು?

ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಹಾಗಾಗಿ ಅವಸರ ಬೇಡ. ಎರಡು ಮೂರು ವರ್ಷ ಗಮನಿಸಿದ ಮರವನ್ನೇ ಆರಿಸಿ. ಮರಕ್ಕೆ ಹತ್ತು ವರ್ಷ ದಾಟಿರಬೇಕು. ಒಂದು ವರ್ಷ ಭರ್ತಿ ಕೊಟ್ಟು ಮರುವರ್ಷ ಸುಮ್ಮನೆ ನಿಲ್ಲುವ ಮರ ಬೇಡ, ಪ್ರತಿ ವರ್ಷ ಒಂದೇ ಸಮ ಕೊಡುವ ಮರ ಬೇಕು. ಕಾಂಡ ನೋಡಿ: ಹಾಳೆ ಉದುರಿದ ಗುರುತಿನ ಬಳೆಗಳು ಹತ್ತಿರ ಹತ್ತಿರ ಇರಬೇಕು. ತಲೆಯಲ್ಲಿ ಸೋಗೆ (ಎಲೆ) ತುಂಬಿರಬೇಕು. ಸಿಂಗಾರದಲ್ಲಿ ಹೂವು ಎಷ್ಟು ಬಂತು ಅನ್ನುವುದಕ್ಕಿಂತ ಕಾಯಿ ಎಷ್ಟು ನಿಂತಿತು ಅನ್ನುವುದು ಮುಖ್ಯ.

ಇನ್ನೊಂದು ಮಾತು, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಒಂದೇ ಸಿಂಗಾರದಲ್ಲಿ ಗಂಡು ಹೂವೂ ಇರುತ್ತದೆ, ಹೆಣ್ಣು ಹೂವೂ ಇರುತ್ತದೆ. ಆದರೆ ಗಂಡು ಹೂವು ಮೊದಲು ಅರಳಿ ಉದುರಿಹೋಗುತ್ತದೆ. ಹೆಣ್ಣು ಹೂವು ತಯಾರಾಗುವುದು ಆಮೇಲೆ. ಅಷ್ಟೊತ್ತಿಗೆ ಪರಾಗ ಬರಬೇಕಾದ್ದು ಹೆಚ್ಚಾಗಿ ಪಕ್ಕದ ಮರಗಳಿಂದ, ಗಾಳಿಯಲ್ಲಿ. ಅಂದರೆ ತಾಯಿ ನಮಗೆ ಗೊತ್ತು, ತಂದೆ ಯಾರೋ. ಅದಕ್ಕೇ ಒಳ್ಳೆಯ ಮರಗಳ ನಡುವೆ ನಿಂತಿರುವ ಒಳ್ಳೆಯ ಮರವನ್ನೇ ಹುಡುಕಿ. ಹಳದಿ ಎಲೆ ರೋಗ ಇರುವ ತೋಟದಿಂದ ಬೀಜ ತರಲೇಬೇಡಿ.

ಸಂಶೋಧನಾ ಕೇಂದ್ರದ ತಳಿಯ ಬೀಜವಾದರೆ? ದಕ್ಷಿಣ ಕನ್ನಡದ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನೆ ನಡೆಯುತ್ತಿದೆ. ಚೀನಾ ಮೂಲದ ಮಂಗಳ, ಇಂಡೋನೇಷ್ಯಾ ಮೂಲದ ಸುಮಂಗಳ, ಪಶ್ಚಿಮ ಬಂಗಾಳದಿಂದ ಬಂದ ಮೋಹಿತನಗರ ಎಲ್ಲ ಅಲ್ಲಿಂದಲೇ ಹೊರಬಂದವು. ಇವು ಆಯ್ಕೆಯಿಂದ ಬಂದ ತಳಿಗಳು, ಇವುಗಳ ಬೀಜ ಹಾಕಬಹುದು. ಹಿರೇಹಳ್ಳಿ ಗಿಡ್ಡ ಅಡಿಕೆಯಿಂದ ಮಾಡಿದ ಹೈಬ್ರಿಡ್ ಮರದ ಬೀಜ ಮಾತ್ರ ಹಾಕಬೇಡಿ. ಮುಂದಿನ ತಲೆಮಾರಿನಲ್ಲಿ ಒಂದು ಗಿಡ್ಡ, ಒಂದು ಉದ್ದ, ಹೀಗೆ ಹಂಚಿಹೋಗುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ನಮ್ಮ ಮಳೆಗೆ ಹೊಂದಿಕೊಂಡ ಊರಿನ ಅಡಿಕೆಯೇ ಸಾಕು.

ಕೊನೆ ಬಿಡುವುದು, ಇಳಿಸುವುದು

ಮೊದಲ ಕೊಯ್ಲಿಗೆ ಕೊನೆಗಾರ ಮರ ಹತ್ತುವ ಮುಂಚೆಯೇ ತಾಯಿ ಮರಕ್ಕೆ ಕೆಂಪು ಬಟ್ಟೆ ಕಟ್ಟಿ. ಬಾಯಲ್ಲಿ ಹೇಳಿದರೆ ಸಾಲದು. ನಾನು ಒಮ್ಮೆ ‘ಇದೊಂದು ಬಿಡು ಮಾರಾಯ, ಬೀಜಕ್ಕೆ’ ಅಂತ ಕೆಳಗಿಂದ ಕೂಗಿದ್ದೆ. ಕೊನೆ ಕೊಯ್ಯುವ ದೋಟಿಯ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಒಂದು ವರ್ಷ ಹೋಯಿತು.

ಮರದಲ್ಲಿ ಇರುವ ಕೊನೆಗಳಲ್ಲಿ ನಡುವಿನದ್ದು ಬೀಜಕ್ಕೆ ಒಳ್ಳೆಯದು. ತೀರಾ ಮೊದಲಿನದೂ ಬೇಡ, ಕಡೆಯದೂ ಬೇಡ. ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಕಾಯಿ ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಎಲ್ಲೂ ಹಸಿರು ಉಳಿದಿರಬಾರದು. ಇಳಿಸುವಾಗ ಮೇಲಿಂದ ಬೀಳಿಸಬೇಡಿ, ಹಗ್ಗದಲ್ಲಿ ಇಳಿಸಿ. ಜಜ್ಜಿದ ಅಡಿಕೆ ಮೊಳೆಯುವ ಬದಲು ಕೊಳೆಯುತ್ತದೆ.

ತೋಟದಲ್ಲಿ ದರಕಿನ (ಒಣ ಎಲೆಯ) ಅಡಿ ತಾನಾಗಿ ಮೊಳೆತ ಸಸಿಗಳೂ ಸಿಗುತ್ತವೆ. ಸುಮ್ನೆ ಕಿತ್ತು ನೆಡೋಣ ಅನಿಸುತ್ತದೆ, ಅಲ್ವಾ? ಆದರೆ ಅವು ಯಾವ ಮರದ ಕೂಸುಗಳೋ ಯಾರಿಗೆ ಗೊತ್ತು.

ತಕ್ಕಡಿ ಮತ್ತು ಬಕೆಟ್ಟು

ಇಳಿಸಿದ ದಿನವೇ ಕಾಯಿ ಬಿಡಿಸಿ ತೂಕ ನೋಡಿ. ಒಂದೊಂದು ಹಣ್ಣಡಿಕೆ 35 ಗ್ರಾಂಗಿಂತ ಜಾಸ್ತಿ ಇರಬೇಕು. ಅಡುಗೆಮನೆಯ ತಕ್ಕಡಿ ಸಾಕು. ಸಣ್ಣದು, ಸೊಟ್ಟದು, ಇಲಿ ಕಚ್ಚಿದ್ದು ಎಲ್ಲ ಪಕ್ಕಕ್ಕಿಡಿ.

ಉಳಿದದ್ದನ್ನು ನೀರು ತುಂಬಿದ ಬಕೆಟ್ಟಿಗೆ ಹಾಕಿ. ಹಣ್ಣಡಿಕೆ ತೇಲುತ್ತದೆ. ಹೇಗೆ ತೇಲುತ್ತದೆ ಅಂತ ನೋಡಿ. ಕೆಲವು ತೊಟ್ಟು ಮೇಲೆ ಮಾಡಿ ನೆಟ್ಟಗೆ ನಿಲ್ಲುತ್ತವೆ. ಬೆರಳಿಂದ ಒತ್ತಿ ಬಿಟ್ಟರೂ ಮತ್ತೆ ಎದ್ದು ನಿಲ್ಲುತ್ತವೆ. ಕೆಲವು ಅಡ್ಡ ಮಲಗುತ್ತವೆ. ನೆಟ್ಟಗೆ ನಿಂತದ್ದನ್ನು ಆರಿಸಿಕೊಳ್ಳಿ, ಅದರಿಂದಲೇ ಗಟ್ಟಿ ಸಸಿ ಬರುತ್ತದೆ. ಮಲಗಿದ್ದನ್ನು ಒಣಗಲು ಹಾಕಿ, ಚಾಲಿಯಾದರೂ ಆಗುತ್ತದೆ. ನಮ್ಮ ಮನೆಯಲ್ಲಿ ಇದು ಮಕ್ಕಳ ಕೆಲಸ. ನಿಂತದ್ದು ಒಂದು ಬುಟ್ಟಿಗೆ, ಮಲಗಿದ್ದು ಇನ್ನೊಂದಕ್ಕೆ.

ಸಿಪ್ಪೆ ಸುಲಿಯಬೇಡಿ. ಬಿಸಿಲಿಗೆ ಒಣಗಿಸಲೂಬೇಡಿ. ರಾಗಿ, ಭತ್ತದ ಬೀಜವನ್ನು ಒಣಗಿಸಿ ಕಾಪಾಡುವ ಅಭ್ಯಾಸ ನಮ್ಮದು. ಅಡಿಕೆಗೆ ಅದು ತಿರುಗುಮುರುಗು, ಒಳಗಿನ ತೇವ ಆರಿದರೆ ಬೀಜ ಸಾಯುತ್ತದೆ. ಇವತ್ತು ಇಳಿಸಿದರೆ ಇವತ್ತೇ ಮರಳಿಗೆ.

ಮರಳಿನ ಮಡಿ

ಐವತ್ತು ಕಾಯಿಗೆ ಮೂರೂವರೆ ಅಡಿ ಉದ್ದ, ಎರಡು ಅಡಿ ಅಗಲದ ಜಾಗ ಸಾಕು. ತೆಂಗಿನ ಮರದ ನೆರಳೋ ದನದ ಕೊಟ್ಟಿಗೆಯ ಬದಿಯೋ ಆದೀತು. ಸುತ್ತ ಇಟ್ಟಿಗೆ ಇಟ್ಟು ಒಂದು ಗೇಣು ಎತ್ತರ ಹೊಳೆ ಮರಳು ತುಂಬಿ. ಸಮುದ್ರದ ಮರಳು ಬೇಡ, ಉಪ್ಪಿರುತ್ತದೆ. ಬರಿ ಮಣ್ಣು ತುಂಬಿದರೆ ನೀರು ನಿಂತು ಕೊಳೆಯುತ್ತದೆ.

ತೊಟ್ಟು ಮೇಲೆ ಬರುವ ಹಾಗೆ, ಕಾಯಿಯಿಂದ ಕಾಯಿಗೆ ಎರಡು ಇಂಚು ಬಿಟ್ಟು ಊರುತ್ತಾ ಹೋಗಿ. ಮೇಲೆ ಮರಳು ತೆಳುವಾಗಿ ಮುಚ್ಚಿದರೆ ಆಯಿತು. ಆಳಕ್ಕೆ ಹೂಳಬೇಡಿ. ಮೇಲೊಂದು ಹಸಿರು ಬಲೆ ಕಟ್ಟಿ, ಇಲ್ಲದಿದ್ದರೆ ನಾಲ್ಕು ಸೋಗೆ ಹೊದೆಸಿ. ಹಂದಿ, ಇಲಿ ಬರುವ ಜಾಗವಾದರೆ ಸುತ್ತ ತಂತಿ ಬಲೆ ಬೇಕೇ ಬೇಕು.

ದಿನಾ ನೀರು ಕೊಡಿ. ಎಷ್ಟು ಅಂತ ಕೈಗೇ ಗೊತ್ತಾಗುತ್ತದೆ. ಮರಳನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು.

ಕಾಯುವ ನಲವತ್ತು ದಿನ

ಇನ್ನು ಆರು ವಾರ ಏನೂ ಕಾಣುವುದಿಲ್ಲ. ಮೊದಲ ವರ್ಷ ನಾನು ಮೂವತ್ತೈದನೇ ದಿನಕ್ಕೆ ಆಸೆ ಬಿಟ್ಟು ಹತ್ತು ಕಾಯಿ ಕಿತ್ತು ನೋಡಿದೆ. ನಾಲ್ಕರಲ್ಲಿ ಬಿಳಿ ಮೊಳಕೆ ಆಗಲೇ ಹೊರಟಿತ್ತು. ಕೀಳುವಾಗ ತುದಿ ಮುರಿದುಹೋಯಿತು. ಆ ನಾಲ್ಕೂ ಮತ್ತೆ ಏಳಲಿಲ್ಲ. ದಯವಿಟ್ಟು ಕೀಳಬೇಡಿ.

ಯಾಕೆ ಇಷ್ಟು ನಿಧಾನ? ಹಣ್ಣಡಿಕೆಯೊಂದನ್ನು ಉದ್ದಕ್ಕೆ ಸೀಳಿ ನೋಡಿ. ಕಂದು ಗೆರೆಯ ಗಟ್ಟಿ ತಿರುಳೇ ಎಲ್ಲ ಕಡೆ. ಜೀವ ಇರುವುದು ತೊಟ್ಟಿನ ಕಡೆ, ಅಕ್ಕಿ ಕಾಳಿಗಿಂತ ಸಣ್ಣ ಬಿಳಿ ಮೊಳೆಯಲ್ಲಿ. ಅದು ಮೊದಲು ತಿರುಳಿನೊಳಕ್ಕೆ ಸ್ಪಂಜಿನಂಥ ಒಂದು ಅಂಗ ಬೆಳೆಸಿ, ತಿರುಳನ್ನು ಕರಗಿಸಿ ಹೀರಬೇಕು. ಮೊಳೆತ ತೆಂಗಿನಕಾಯಿ ಒಡೆದಾಗ ಸಿಹಿಯಾದ ಬಿಳಿ ಚೆಂಡು ಸಿಗುತ್ತದಲ್ಲ, ಅದೇ ಇದು, ಅಡಿಕೆಯಲ್ಲಿ ಸಣ್ಣದು. ತೊಟ್ಟು ಮೇಲಿರಲಿ ಅಂದದ್ದೂ ಇದಕ್ಕೇ. ಮೊಳಕೆ ಬರುವುದು ಆ ಕಡೆಯಿಂದ.

ಸಾಮಾನ್ಯವಾಗಿ ನಲವತ್ತು ದಿನ ದಾಟಿದ ಮೇಲೆ ಮರಳು ಅಲ್ಲಲ್ಲಿ ಬಿರಿಯುತ್ತದೆ. ಪೆನ್ಸಿಲ್ ತುದಿಯಂಥ ಚಿಗುರು ಕಾಣಿಸುತ್ತದೆ. ಮೊದಲು ಬಿಚ್ಚಿಕೊಳ್ಳುವ ಎಲೆ ಮೀನಿನ ಬಾಲದ ಹಾಗೆ ಎರಡು ಸೀಳು. ಮೂರು ತಿಂಗಳಲ್ಲಿ ಮೊಳೆಯಬೇಕಾದ್ದೆಲ್ಲ ಮೊಳೆತಿರುತ್ತದೆ. ಆಮೇಲೆ ಬಂದ ತಡದ ಸಸಿಗಳ ಮೇಲೆ ಕರುಣೆ ಬೇಡ. ಬೇಗ ಮೊಳೆತದ್ದೇ ಮುಂದೆಯೂ ಚುರುಕು.

ಮರಳಿನಿಂದ ಕೊಟ್ಟೆಗೆ

ಎರಡು ಮೂರು ಎಲೆ ಬಂದಾಗ, ಅಂದರೆ ಊರಿ ಸುಮಾರು ಮೂರು ತಿಂಗಳಿಗೆ, ಕೊಟ್ಟೆಗೆ (ಚೀಲಕ್ಕೆ) ಬದಲಿಸಿ. 25 ಸೆಂಟಿಮೀಟರ್ ಎತ್ತರ, 15 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಕೊಟ್ಟೆ ಆಗುತ್ತದೆ. ತಳದಲ್ಲಿ ತೂತು ಇರಲಿ. ಮೇಲ್ಮಣ್ಣು ಏಳು ಬುಟ್ಟಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮೂರು, ಮರಳು ಎರಡು. ಈ ಲೆಕ್ಕದಲ್ಲಿ ಕಲಸಿ ತುಂಬಿ. ಹಸಿ ಗೊಬ್ಬರ ಹಾಕಿದರೆ ಬೇರು ಸುಡುತ್ತದೆ.

ಸಸಿಯನ್ನು ಎಲೆ ಹಿಡಿದು ಎಳೆಯಬೇಡಿ. ಮರಳಿನೊಳಗೆ ಕೈ ತೂರಿಸಿ ಕಾಯಿ ಸಮೇತ ಎತ್ತಿ. ಕಾಯಿ ಕೀಳಬಾರದು, ಇನ್ನೂ ಕೆಲವು ತಿಂಗಳು ಅದೇ ಸಸಿಯ ಬುತ್ತಿ. ಕಾಯಿ ಮುಚ್ಚುವಷ್ಟು ಮಣ್ಣು ಹಾಕಿ ಸುತ್ತ ಅದುಮಿ. ನೆರಳಲ್ಲಿ, ಒಂದಕ್ಕೊಂದು ಒಂದಡಿ ದೂರದಲ್ಲಿ ಇಡಿ. ಒತ್ತೊತ್ತಾಗಿ ಇಟ್ಟರೆ ಬೆಳಕಿಗೆ ಹಾತೊರೆದು ಸುಮ್ಮನೆ ಉದ್ದವಾಗುತ್ತವೆ. ಮಳೆಗಾಲದಲ್ಲಿ ನೀರು ನಿಲ್ಲದಂತೆ ನೋಡಿಕೊಂಡರೆ ಮುಕ್ಕಾಲು ಕಾಯಿಲೆ ಬರುವುದಿಲ್ಲ.

ಬಾಲ್ಕನಿಯಲ್ಲಿ ಮಾಡುವವರಿಗೆ

ಬೆಂಗಳೂರಿನ ಮನೆಯಲ್ಲೂ ಇದನ್ನು ಮಾಡಬಹುದು. ಊರಿಂದ ಬರುವಾಗ ಹತ್ತು ಹಣ್ಣಡಿಕೆ ತಂದು, ತಳಕ್ಕೆ ತೂತು ಹೊಡೆದ ಥರ್ಮೊಕೋಲ್ ಡಬ್ಬಿಯಲ್ಲಿ ಮರಳು ತುಂಬಿ ಊರಿ. ಅಂಗಡಿಯಲ್ಲಿ ಅರೆಕಾ ಪಾಮ್ ಅಂತ ಮಾರುವ ಅಲಂಕಾರದ ಗಿಡ ಅಡಿಕೆ ಅಲ್ಲ, ಅದು ಮಡಗಾಸ್ಕರ್ ಮೂಲದ ಬೇರೆಯೇ ಜಾತಿ. ಅದರ ಹಣ್ಣು ಸಿಕ್ಕರೆ ಮೊಳೆಸುವ ಕ್ರಮ ಹೆಚ್ಚೂಕಡಿಮೆ ಇದೇ: ಮಾಗಿದ ತಾಜಾ ಹಣ್ಣು, ತೇವ, ಬೆಚ್ಚಗಿನ ಜಾಗ. ಆದರೆ ಅದರ ಬೀಜದ ಮೇಲಿನ ತಿರುಳು ತೊಳೆದು ಊರಬೇಕು. ಖರ್ಜೂರದ ಬೀಜ ಹಾಕುವುದಾದರೆ ಆಳದ ಕುಂಡ ಆರಿಸಿ. ಖರ್ಜೂರ ಮೊದಲು ಕೆಳಕ್ಕೆ ಇಳಿಯುತ್ತದೆ, ಎಲೆ ಆಮೇಲೆ.

ಟೇಪು ಹಿಡಿದು ಆರಿಸಿ

ಸಸಿಗೆ ಹನ್ನೆರಡರಿಂದ ಹದಿನೆಂಟು ತಿಂಗಳಾದಾಗ ತೋಟಕ್ಕೆ ಹೋಗಲು ಸಿದ್ಧ. ಜನವರಿಯಲ್ಲಿ ಊರಿದ್ದು ಮುಂದಿನ ವರ್ಷದ ಜೂನ್ ಮಳೆಗೆ ಸರಿಹೋಗುತ್ತದೆ. ಆಗ ನಮ್ಮ ಕಣ್ಣು ಎತ್ತರದ ಸಸಿಯ ಕಡೆಗೇ ಹೋಗುತ್ತದೆ. ನರ್ಸರಿಯಲ್ಲಿ ನಾನು ಮೋಸ ಹೋಗಿದ್ದೂ ಹಾಗೇ. ಬೇಕಾದ್ದು ಎಲೆ ಜಾಸ್ತಿ, ಎತ್ತರ ಕಮ್ಮಿ ಇರುವ ಗಟ್ಟಿ ಬುಡದ ಸಸಿ.

ಇದಕ್ಕೊಂದು ಸುಲಭ ಲೆಕ್ಕ ಇದೆ. ಎಲೆಗಳನ್ನು ಎಣಿಸಿ 40ರಿಂದ ಗುಣಿಸಿ. ಅದರಿಂದ ಸಸಿಯ ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಕಳೆಯಿರಿ. ಆರು ಎಲೆಯ, 80 ಸೆಂಟಿಮೀಟರ್ ಎತ್ತರದ ಸಸಿಗೆ 240ರಲ್ಲಿ 80 ಕಳೆದು 160. ಐದು ಎಲೆಯ, 110 ಸೆಂಟಿಮೀಟರ್ ಸಸಿಗೆ ಬರಿ 90. ಅಂಕ ಜಾಸ್ತಿ ಇರುವುದನ್ನು ಮೊದಲು ನೆಡಿ. ಐದಕ್ಕಿಂತ ಕಡಿಮೆ ಎಲೆ ಇದ್ದರೆ ಇನ್ನಷ್ಟು ದಿನ ಕೊಟ್ಟೆಯಲ್ಲೇ ಇರಲಿ.

ಹಾಗಾಗಿ ಐವತ್ತು ಊರಿದರೆ ಐವತ್ತನ್ನೂ ನೆಡುವ ಲೆಕ್ಕ ಹಾಕಬೇಡಿ. ಕಳೆದ ಸಲ ನನ್ನ ಐವತ್ತರಲ್ಲಿ ನಲವತ್ತೊಂದು ಮೊಳೆತವು. ಟೇಪು ಹಿಡಿದ ಮೇಲೆ ತೋಟಕ್ಕೆ ಹೋದದ್ದು ಇಪ್ಪತ್ತೆಂಟು. ಹೊಸದಾಗಿ ಸಾಲು ಹಾಕುವವರು ಮರದಿಂದ ಮರಕ್ಕೆ ಒಂಬತ್ತು ಅಡಿ ಬಿಡಿ. ನೀರು ಬಸಿಯುವ ಜಾಗವಾದರೆ ಮಳೆ ಶುರುವಿಗೆ, ಜೇಡಿ ಮಣ್ಣಾದರೆ ಮಳೆ ಕಮ್ಮಿಯಾಗುವ ಸೆಪ್ಟೆಂಬರ್ ಹೊತ್ತಿಗೆ ನೆಡಿ. ಕೊಟ್ಟೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಮಣ್ಣಿನ ಹೆಂಟೆ ಒಡೆಯದಂತೆ ಗುಂಡಿಗೆ ಇಳಿಸಿ. ಮೊದಲ ಬೇಸಿಗೆಯಲ್ಲಿ ಪಡುವಣ ಬಿಸಿಲು ಬೀಳುವ ಕಡೆ ಎರಡು ಸೋಗೆ ಚುಚ್ಚಿ ಮರೆ ಮಾಡಿ.