ಕ್ಯೂಬಾದ ನಾಲ್ಕು ಗುಂಪು ರೋಣ ತಾಲ್ಲೂಕಿನಲ್ಲಿ ನಡೆದ ಬಗೆ

ಕ್ಯೂಬಾದ ಸಮಾಜವಾದಿ ಸರ್ಕಾರ 1984ರಲ್ಲಿ ಕುಟುಂಬ ವೈದ್ಯರ ಪದ್ಧತಿಯನ್ನು ಆರಂಭಿಸಿದಾಗ, ಒಬ್ಬ ವೈದ್ಯರು ಮತ್ತು ಒಬ್ಬ ನರ್ಸ್ ಸುಮಾರು 120 ಕುಟುಂಬಗಳ ನಡುವೆಯೇ ನೆಲೆಸಿ, ಬೆಳಿಗ್ಗೆ ಚಿಕಿತ್ಸಾಲಯದಲ್ಲಿ, ಮಧ್ಯಾಹ್ನ ಮನೆಮನೆಯಲ್ಲಿ ಜನರನ್ನು ನೋಡುತ್ತಿದ್ದರು. ಆರೋಗ್ಯವಂತರು, ಅಪಾಯವಿರುವವರು, ರೋಗಿಗಳು, ರೋಗದಿಂದ ಊನ ಉಳಿದವರು ಎಂಬ ನಾಲ್ಕು ಗುಂಪುಗಳಲ್ಲಿ ಪ್ರತಿಯೊಬ್ಬರ ಹೆಸರೂ ಇರುತ್ತಿತ್ತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಒಂದು ಊರಿನಲ್ಲಿ ಇದನ್ನೇ ಮಾಡುತ್ತೇನೆಂದಾಗ ಸಹೋದ್ಯೋಗಿಗಳು ನಂಬಲಿಲ್ಲ. “ಅಲ್ಲಿ ಒಂದ ಪಕ್ಷ ಐತ್ರಿ ಸರ, ಮ್ಯಾಲಿಂದ ಹುಕುಂ ಬಂದ್ರ ಮುಗೀತು, ನಮ್ಮ ಪಂಚಾಯ್ತ್ಯಾಗ ಎರಡು ಪಾರ್ಟಿ ಅದಾವು” ಎಂದರು.

ಮೊದಲ ವರ್ಷ ಕೆಲಸ ನಿಂತೇ ಹೋಯಿತು. ಹೊಲದಲ್ಲಿ ಹೆಸರುಕಾಯಿ ಬಿಡಿಸುವ ದಿನಗಳಲ್ಲಿ ಮಧ್ಯಾಹ್ನ ಹೋದರೆ ಮನೆಗಳಿಗೆಲ್ಲ ಬೀಗ. ಗ್ರಾಮ ಆರೋಗ್ಯ ಸಮಿತಿಗೆ ವರ್ಷಕ್ಕೆ ಬರಬೇಕಾದ 10,000 ರೂಪಾಯಿ ತಡವಾಗಿ ಬಂದು, ಬಹುಪಾಲು ಗಟಾರ ಬಳಿಸುವುದಕ್ಕೆ ಮತ್ತು ಬ್ಲೀಚಿಂಗ್ ಪುಡಿಗೆ ಹೋಯಿತು, ಎರಡು ಬಿ.ಪಿ. ಯಂತ್ರಗಳಿಗೆ ನಾಲ್ಕು ಸಾವಿರದಷ್ಟು ನಾನೇ ಹಾಕಿದೆ. ಸಂತೆಯಲ್ಲಿ ಬಿ.ಪಿ. ನೋಡುವ ಪ್ರಯೋಗವನ್ನೂ ಮಾಡಿದೆ. ಜನ ಮುಗಿಬಿದ್ದರು, ಆದರೆ ಬಹಳಷ್ಟು ಮಂದಿ ಪರ ಊರಿನವರಾದ್ದರಿಂದ ಮತ್ತೆ ಸಿಗಲಿಲ್ಲ.

ಮರುವರ್ಷ ಭೇಟಿಯನ್ನು ದೀಪ ಹಚ್ಚುವ ಹೊತ್ತಿಗೆ ಸರಿಸಿದೆವು. ಆಶಾ ಕಾರ್ಯಕರ್ತೆ ಬಿ.ಪಿ. ಗುಳಿಗೆ ನುಂಗಿದಿರಾ ಎಂದು ಕೇಳುವುದನ್ನು ಬಿಟ್ಟು, ದೇವರ ಜಗಲಿಯ ಮೇಲಿಟ್ಟ ಗುಳಿಗೆ ಪೊಟ್ಟಣವನ್ನು ಇಳಿಸಿಕೊಂಡು ಉಳಿದದ್ದನ್ನು ಎಣಿಸತೊಡಗಿದಳು. ಓಣಿಯೊಂದಕ್ಕೆ ಒಬ್ಬ ಪಂಚಾಯಿತಿ ಸದಸ್ಯರು ಹೊಣೆಯಾದರು, ತಿಂಗಳ ಸಭೆಯಲ್ಲಿ ತಮ್ಮ ಓಣಿಯಲ್ಲಿ ಗುಳಿಗೆ ಬಿಟ್ಟವರೆಷ್ಟು ಎಂಬುದನ್ನು, ಯಾರ ಹೆಸರನ್ನೂ ಹೇಳದೆ, ಅವರೇ ಓದಬೇಕಾಯಿತು. ಎರಡೂ ಪಾರ್ಟಿಯವರು ಇದಕ್ಕೆ ಒಪ್ಪಿದ್ದು ಹೇಗೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಸೋವಿಯತ್ ನೆರವು ನಿಂತು ಕ್ಯೂಬಾ ಹಸಿದಿದ್ದ 1992–93ರಲ್ಲಿ ಸುಮಾರು 50,000 ಮಂದಿಗೆ ದೃಷ್ಟಿ ಮಂದವಾಗುವ, ಕೈಕಾಲು ಜೋಮು ಹಿಡಿಯುವ ನರರೋಗ ತಗುಲಿತು. ಆಗ ಇಡೀ ದೇಶಕ್ಕೆ ವಿಟಮಿನ್ ಗುಳಿಗೆ ಹಂಚಲು ನೆರವಾದವರು ಈ ಕುಟುಂಬ ವೈದ್ಯರೇ. ಆ ಕೆಲಸ ಬರೀ ಹುಕುಮಿನಿಂದ ಆಗುವಂಥದ್ದಲ್ಲ, ಪ್ರತಿ ಮನೆಗೂ ಹೆಸರು ಹಿಡಿದು ಉತ್ತರ ಕೊಡುವವರೊಬ್ಬರು ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮಲ್ಲಿ ಮೊದಲು ಬಿ.ಪಿ. ಇದ್ದ ಹತ್ತು ಮಂದಿಯಲ್ಲಿ ಮೂರ್ನಾಲ್ಕು ಜನ ಗುಳಿಗೆ ತಪ್ಪಿಸುತ್ತಿರಲಿಲ್ಲ, ಈಗ ಏಳೆಂಟು ಜನ. ಅಂದು ನಂಬದಿದ್ದ ಸಹೋದ್ಯೋಗಿಗಳೇ ಈಗ ನಾಲ್ಕು ಗುಂಪಿನ ಹೆಸರು ಬರೆಯುವ ನಮ್ಮ ದಫ್ತರದ ನಕಲು ಒಯ್ದಿದ್ದಾರೆ. ಲಕವಾ ಹೊಡೆದು ಹಾಸಿಗೆ ಹಿಡಿದ ನಾಲ್ಕನೆಯ ಗುಂಪಿನವರಿಗೆ ಮಾತ್ರ ಇನ್ನೂ ಫಿಸಿಯೊಥೆರಪಿ ಒದಗಿಸಲಾಗಿಲ್ಲ. ಅದಕ್ಕೆ ಪಂಚಾಯಿತಿಯ ಸ್ವಂತ ನಿಧಿಯಿಂದ ಹಣ ಕೇಳಿದ್ದೇನೆ.