ಪತ್ರಿಕೆ ನಡೆಸಿದವರ ಕಾಗದಪತ್ರ ಮನೆಯಲ್ಲಿದ್ದರೆ ಹೇಗೆ ಜೋಡಿಸುವುದು

ನಮ್ಮ ಕರಾವಳಿಯಲ್ಲಿ ಹಳೆ ಕಾಗದದ ಟ್ರಂಕು ತೆರೆಯುವುದಿದ್ದರೆ ಡಿಸೆಂಬರಿನಿಂದ ಮಾರ್ಚ್ ಒಳಗೆ ತೆರೆಯಿರಿ. ಮಳೆಗಾಲದಲ್ಲಿ ಬೇಡ. ಆಗ ಗಾಳಿಯೇ ಒದ್ದೆ. ಬಿಡಿಸಿಟ್ಟ ಕಾಗದ ತೇವ ಹೀರಿ ಬೇಗ ಬೂಸ್ಟು ಹಿಡಿಯುತ್ತದೆ.

ನನ್ನ ದೊಡ್ಡಪ್ಪ ಉಡುಪಿಯಲ್ಲಿ ಒಂದು ವಾರಪತ್ರಿಕೆ ನಡೆಸುತ್ತಿದ್ದರು. ಮುದ್ರಕ, ಪ್ರಕಾಶಕ, ಸಂಪಾದಕ ಮೂರೂ ಅವರೇ. ಅವರು ಹೋದ ಮೇಲೆ ಅಟ್ಟದಲ್ಲಿದ್ದ ಟ್ರಂಕುಗಳನ್ನು ನಾನು, ದೊಡ್ಡಮ್ಮ ಸೇರಿ ಜೋಡಿಸಿದೆವು. ಇಂಥ ಟ್ರಂಕು ಮಂಗಳೂರು, ಉಡುಪಿಯ ಎಷ್ಟೋ ಮನೆಗಳಲ್ಲಿ ಇರಬಹುದು. ದಯವಿಟ್ಟು ಗುಜರಿಗೆ ಹಾಕಬೇಡಿ. ಅಚ್ಚಾದ ಪತ್ರಿಕೆ ಎಲ್ಲಾದರೂ ಒಂದು ಲೈಬ್ರರಿಯಲ್ಲಿ ಸಿಕ್ಕೀತು. ಅದನ್ನು ಹೇಗೆ ನಡೆಸಿದರು ಅನ್ನುವುದು ಆ ಟ್ರಂಕಿನಲ್ಲಿ ಮಾತ್ರ ಇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು: ಮನೆಯ ಕಾಗದ ಬೇರೆ, ಪ್ರೆಸ್ಸಿನ ಕಾಗದ ಬೇರೆ ಅಂತ ಎರಡು ರಾಶಿ ಮಾಡಬೇಡಿ. ಕೈ ಅದಕ್ಕೇ ಹೋಗುತ್ತದೆ, ಆದರೂ ಬೇಡ. ನಮ್ಮ ಒಂದು ಕಟ್ಟಿನಲ್ಲಿ ಬಳೆ ಅಡವಿಟ್ಟ ಚೀಟಿಯೂ ನ್ಯೂಸ್‌ಪ್ರಿಂಟ್ ಬಿಲ್ಲೂ ಒಂದೇ ದಾರದಲ್ಲಿ ಇದ್ದವು. ದೊಡ್ಡಮ್ಮ ನೋಡಿದವರೇ, "ಅದು ಕಾಗದ ತರ್ಲಿಕ್ಕೆ ಇಟ್ಟದ್ದು ಮಗಾ. ಇಲ್ಲದಿದ್ರೆ ಆ ವಾರ ಪೇಪರ್ ನಿಲ್ತಿತ್ತು" ಎಂದರು. ಚೀಟಿಯನ್ನು ಮನೆಯ ರಾಶಿಗೆ, ಬಿಲ್ಲನ್ನು ಪ್ರೆಸ್ಸಿನ ರಾಶಿಗೆ ಹಾಕಿದ್ದರೆ ಆ ವಾರದ ಸಂಚಿಕೆ ಯಾರ ಬಳೆಯಿಂದ ಹೊರಟಿತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಣ್ಣ ಪತ್ರಿಕೆಯವರ ಬದುಕೇ ಹಾಗೆ, ಅಲ್ವಾ?

ಹಾಗಾಗಿ ಮುಟ್ಟುವ ಮೊದಲು ಟ್ರಂಕಿನ ಫೋಟೋ ತೆಗೆಯಿರಿ. ಒಂದೊಂದು ಕಟ್ಟು ಎತ್ತಿದಾಗಲೂ ತೆಗೆಯಿರಿ. ಟ್ರಂಕಿಗೊಂದು ನಂಬರು, ಕಟ್ಟಿಗೊಂದು ನಂಬರು ಕೊಡಿ. ಬರೆಯುವುದು ಪೆನ್ಸಿಲಿನಲ್ಲಿ ಮಾತ್ರ. ಕಂಬಿಗೆ ಚುಚ್ಚಿಟ್ಟ ಬಿಲ್ಲುಗಳನ್ನು ಅದೇ ಸಾಲಿನಲ್ಲಿ ಇಳಿಸಿ. ಆ ಸಾಲೇ ತಾರೀಕಿನ ಸಾಲು. ಮನೆಯಲ್ಲಿ ಹಿರಿಯರಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಹೇಳಿದ್ದನ್ನು ಆಗಲೇ ಬರೆದು ಕಟ್ಟಿನ ಜೊತೆ ಇಡಿ.

ಧೂಳನ್ನು ಮೆತ್ತನೆ ಬ್ರಷ್‌ನಲ್ಲಿ ಒಳಗಿನಿಂದ ಹೊರಕ್ಕೆ ತೆಗೆಯಿರಿ. ಮೂಗಿಗೆ ಮಾಸ್ಕ್ ಇರಲಿ. ಬಿಸಿಲಿಗೆ ಹಾಕಬೇಡಿ. ನ್ಯೂಸ್‌ಪ್ರಿಂಟ್ ಮರದ ತಿರುಳಿನಿಂದ ಮಾಡಿದ ಕಾಗದ. ಬೆಳಕು ಬಿದ್ದರೆ ಇನ್ನೂ ಹಳದಿಯಾಗಿ ಪುಡಿಯಾಗುತ್ತದೆ. ನೆರಳಿನಲ್ಲಿ ಫ್ಯಾನ್ ಗಾಳಿ ಸಾಕು. ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆಯಬೇಡಿ. ಅದರಡಿ ತೆಳು ಪ್ಲಾಸ್ಟಿಕ್ ತೂರಿಸಿ, ನಿಧಾನಕ್ಕೆ ಸಡಿಲ ಮಾಡಿ. ಹರಿದಲ್ಲಿ ಸೆಲ್ಲೋಟೇಪು ಬೇಡ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒರಲೆ ಹತ್ತಿದ ಕಟ್ಟನ್ನು ಕೂಡಲೇ ಬೇರೆ ಕೋಣೆಗೆ ಒಯ್ಯಿರಿ.

ಇನ್ನು ತಾರೀಕಿಲ್ಲದ ಕಾಗದ. ಇದು ತಲೆಬಿಸಿಯ ಕೆಲಸ, ಆದರೆ ನನಗೆ ಜಾಸ್ತಿ ಖುಷಿ ಕೊಟ್ಟದ್ದೂ ಇದೇ. ಬಿಲ್ಲು ರೂಪಾಯಿ, ಆಣೆ, ಪೈ ಲೆಕ್ಕದಲ್ಲಿದ್ದರೆ ಅದು ಹೆಚ್ಚಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. ಆಮೇಲೆ ಬಂದದ್ದು ನಯೇ ಪೈಸೆ. ಸರ್ಕಾರಿ ಕಾಗದದಲ್ಲಿ ಮದ್ರಾಸ್ ಸರ್ಕಾರದ ಹೆಸರಿದ್ದರೆ 1956ರ ನವೆಂಬರ್‌ಗಿಂತ ಹಿಂದಿನದು, ಆಗ ನಮ್ಮ ಜಿಲ್ಲೆ ಅಲ್ಲಿಗೇ ಸೇರಿತ್ತು. ಮೈಸೂರು ರಾಜ್ಯ ಅಂತಿದ್ದರೆ 1973ರವರೆಗಿನದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಉಡುಪಿ ಜಿಲ್ಲೆ ಅಂತ ಅಚ್ಚಾಗಿದ್ದರೆ 1997ರ ಈಚಿನದು. ಅದಕ್ಕಿಂತ ಹಿಂದೆ ಉಡುಪಿಯ ಪತ್ರಿಕೆಗೂ ಜಿಲ್ಲಾ ಕಚೇರಿ ಮಂಗಳೂರೇ.

ಪತ್ರಿಕೆಯ ಒಡೆಯರು ಯಾವಾಗ ಬದಲಾದರು ಅಂತ ಬೇಕಾದರೆ ವರ್ಷವರ್ಷದ ಮಾರ್ಚ್ ಮೊದಲ ಸಂಚಿಕೆ ನೋಡಿ. ಫೆಬ್ರವರಿ ಮುಗಿದ ಕೂಡಲೇ ಬರುವ ಸಂಚಿಕೆಯಲ್ಲಿ ಫಾರಂ 4 ಅಂತ ಒಂದು ಹೇಳಿಕೆ ಹಾಕಬೇಕಿತ್ತು. ಮಾಲಿಕ, ಮುದ್ರಕ, ಪ್ರಕಾಶಕ, ಸಂಪಾದಕ ಎಲ್ಲರ ಹೆಸರೂ ಅದರಲ್ಲಿರುತ್ತದೆ. ಈ ಪತ್ರಿಕೆಯ ಮುದ್ರಕ, ಪ್ರಕಾಶಕ ನಾನೇ ಅಂತ ಮ್ಯಾಜಿಸ್ಟ್ರೇಟರ ಮುಂದೆ ಮಾಡಿದ ಡಿಕ್ಲರೇಶನ್ ಪ್ರತಿ ಸಿಕ್ಕಿದರೆ ತುಂಬ ಜೋಪಾನ. 1867ರ ಪತ್ರಿಕಾ ಕಾಯ್ದೆಯ ಆ ಪದ್ಧತಿ 2024ರ ಮಾರ್ಚ್‌ನಲ್ಲಿ ಹೊಸ ಕಾಯ್ದೆ ಜಾರಿಯಾದ ಮೇಲೆ ಹೋಯಿತು. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗಿನ ತುರ್ತು ಪರಿಸ್ಥಿತಿಯ ಕಾಗದ ಒಂದು ಚೂರಿದ್ದರೂ ಬಿಡಬೇಡಿ.

ಸುಮ್ನೆ ಕಸ ಅನ್ನಿಸುವ ಮನಿಯಾರ್ಡರ್ ಕೂಪನ್‌ಗಳನ್ನೂ ಇಡಿ. ಮುಂಬೈಯ ಹೋಟೆಲುಗಳಲ್ಲಿದ್ದ ನಮ್ಮೂರಿನವರು ಚಂದಾ ಕಳಿಸುವಾಗ ಕೂಪನ್ನಿನಲ್ಲೇ ನಾಲ್ಕು ಸಾಲು ಬರೆಯುತ್ತಿದ್ದರು. ಊರಲ್ಲಿ ಮಳೆ ಹೇಗೆ, ಕಳೆದ ವಾರದ ಪೇಪರ್ ಬರಲಿಲ್ಲ, ಹೀಗೆ. ಪತ್ರಿಕೆ ಯಾರ ಕೈಗೆ ತಲುಪುತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಾನು ನೋಡಿಲ್ಲ. ಏಜೆಂಟರ ಲೆಕ್ಕ, ವಾಪಸ್ ಬಂದ ಪ್ರತಿಗಳ ಪಟ್ಟಿ, ಅಚ್ಚಾಗದ ಓದುಗರ ಪತ್ರ, ವಕೀಲರ ನೋಟೀಸು ಇವೂ ಇರಲಿ.

ಪತ್ರಗಳ ವಿಷಯದಲ್ಲಿ ಎಚ್ಚರ ಬೇಕು. ಕಾಗದ ನಿಮ್ಮದಾದರೂ ಬರಹದ ಹಕ್ಕು ಬರೆದವರದು, ಅವರು ತೀರಿದ ಮೇಲೂ ಅದು ಬಹಳ ವರ್ಷ ಉಳಿಯುತ್ತದೆ. ಹೆಸರು ಹೇಳಬೇಡಿ ಅಂತ ಕೇಳಿಕೊಂಡು ಮನೆಯ ಕಷ್ಟ ಬರೆದವರೂ ಇರುತ್ತಾರೆ. ಅಂಥದ್ದನ್ನು ಬೇರೆ ಲಕೋಟೆಯಲ್ಲಿ ಹಾಕಿ, ಯಾವ ವರ್ಷದವರೆಗೆ ತೆರೆಯಬಾರದು ಅಂತ ಮೇಲೆ ಬರೆಯಿರಿ.

ಮನೆಯಲ್ಲಿ ಇಡಲು ಆಗದಿದ್ದರೆ ಉಡುಪಿ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರವನ್ನೋ, ಮಂಗಳೂರು ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರವನ್ನೋ ಕೇಳಿ ನೋಡಿ. ಟ್ರಂಕು ಹೊತ್ತುಕೊಂಡು ಹೋಗಬೇಡಿ. ಮೊದಲು ಪಟ್ಟಿ ಕಳಿಸಿ. ಕಟ್ಟುಗಳನ್ನು ಬಿಡಿಸದೆ ಅದೇ ಕ್ರಮದಲ್ಲಿ ಇಡುತ್ತೇವೆ, ಸ್ಕ್ಯಾನ್ ಪ್ರತಿ ಮನೆಯವರಿಗೆ ಕೊಡುತ್ತೇವೆ ಅಂತ ಬರೆದು ಕೊಟ್ಟ ಮೇಲೆ ಕೊಡಿ.